ಓಡುವ ಮಕ್ಕಳು ಎಷ್ಟು ತಿನ್ನಬೇಕು? ತೂಕದ ಮಿಷನ್ ಹತ್ತುವ ಮೊದಲು ಓದಿ

ನಮ್ಮ ಅಕ್ಕನ ಮಗಳಿಗೆ ಹದಿನೈದು ವರ್ಷ. 1500 ಮತ್ತು 3000 ಮೀಟರ್ ಓಡುತ್ತಾಳೆ. ಬೆಳಿಗ್ಗೆ ಐದೂವರೆಗೆ ಮೈದಾನ, ಆಮೇಲೆ ಶಾಲೆ, ಸಂಜೆ ಮತ್ತೆ ಮೈದಾನ. ಕಳೆದ ವರ್ಷ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಮುಂಚೆ ಯಾರೋ ಅವಳಿಗೆ, "ಒಂದ್ಮೂರು ಕೆಜಿ ಇಳಿಸು, ಟೈಮಿಂಗ್ ತಾನಾಗೇ ಬರುತ್ತೆ" ಅಂದರು. ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ರಾತ್ರಿ ಅನ್ನ ಬಿಟ್ಟಳು. ಡಬ್ಬಿಗೆ ಮೂರು ಚಪಾತಿ ಹಾಕಿದರೆ ಎರಡು ಹಾಗೇ ವಾಪಸ್ ಬರುತ್ತಿದ್ದವು. ಮೊದಲ ತಿಂಗಳು ಟೈಮಿಂಗ್ ನಿಜಕ್ಕೂ ಸುಧಾರಿಸಿತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯ ಮೇಲೆ ಒಂದು ಜಾಗದಲ್ಲಿ ನೋವು ಶುರುವಾಯಿತು. ಅಲ್ಲಿ ಬೆರಳಿಟ್ಟರೆ ಸಾಕು, ಕೂಗಿಕೊಳ್ಳುತ್ತಿದ್ದಳು.

ಮೂಳೆ ಡಾಕ್ಟರ್ ಮೊದಲು ಕಾಲು ನೋಡಿದರು. ಆಮೇಲೆ ಏನು ತಿನ್ನುತ್ತೀಯ ಎಂದು ಕೇಳಿದರು. ಮೂರನೇ ಪ್ರಶ್ನೆ ನಮ್ಮಕ್ಕನಿಗೆ: "ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗ್ತಿದೆಯಾ?" ಅಕ್ಕ ಕಕ್ಕಾಬಿಕ್ಕಿಯಾದಳು. ಕಾಲು ನೋವಿಗೂ ಮುಟ್ಟಿಗೂ ಎಲ್ಲಿಯ ಸಂಬಂಧ?

ಸಂಬಂಧ ಇದೆ. ಬಹಳ ಹತ್ತಿರದ್ದೇ ಇದೆ. ಶಾಲಾ ಕ್ರೀಡಾಕೂಟಗಳು ಹತ್ತಿರ ಬಂದಾಗ, ಭಾನುವಾರದ 5 ಕಿಲೋಮೀಟರ್ ಓಟಗಳಿಗೆ ಮಕ್ಕಳು ಹೆಸರು ಕೊಡುವಾಗ, ಮನೆಮನೆಯಲ್ಲೂ ಊಟದ ಪ್ರಶ್ನೆ ಏಳುತ್ತದೆ. ಅದಕ್ಕೇ ಇದನ್ನು ಬುಡದಿಂದ ಬಿಡಿಸಿ ಹೇಳುವ ಪ್ರಯತ್ನ ಮಾಡುತ್ತೇನೆ.

ಸಂಬಳ ಒಂದೇ, ಖರ್ಚು ಹಲವು

ಕ್ಯಾಲೊರಿ ಅನ್ನುವುದು ಶಕ್ತಿಯ ಅಳತೆ, ಅಷ್ಟೇ. ಹಾಲನ್ನು ಲೀಟರಿನಲ್ಲಿ ಅಳೆದ ಹಾಗೆ, ಊಟದಿಂದ ಬರುವ ಶಕ್ತಿಯನ್ನು ಕ್ಯಾಲೊರಿಯಲ್ಲಿ ಅಳೆಯುತ್ತಾರೆ. ಒಂದು ಇಡ್ಲಿಯಲ್ಲಿ ಸುಮಾರು 60ರಿಂದ 70 ಕ್ಯಾಲೊರಿ ಇರುತ್ತದೆ.

ದೇಹವನ್ನು ಒಂದು ಮನೆ ಅಂದುಕೊಳ್ಳಿ. ತಿಂದ ಊಟ ಮನೆಗೆ ಬರುವ ಸಂಬಳ. ಖರ್ಚುಗಳು ಬೇಕಾದಷ್ಟಿವೆ. ಎದೆ ಬಡಿಯಬೇಕು, ಮಿದುಳು ನಡೆಯಬೇಕು, ಮೈ ಬಿಸಿ ಇರಬೇಕು. ಹರೆಯದಲ್ಲಿ ಇವುಗಳ ಜೊತೆಗೆ ಇನ್ನೊಂದು ದೊಡ್ಡ ಖರ್ಚಿದೆ: ಬೆಳವಣಿಗೆ. ಎತ್ತರವಾಗಬೇಕು, ಮೂಳೆ ಗಟ್ಟಿಯಾಗಬೇಕು, ಸ್ನಾಯು ತುಂಬಿಕೊಳ್ಳಬೇಕು, ಹುಡುಗಿಯರಿಗೆ ಮುಟ್ಟು ಶುರುವಾಗಿ ಸರಿಯಾಗಿ ನಡೆಯಬೇಕು. ಇಷ್ಟೆಲ್ಲದರ ಮೇಲೆ ಓಟ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಓಟ ಮನೆ ಬಾಡಿಗೆ ಇದ್ದ ಹಾಗೆ. ಅದನ್ನು ಮುಂದೂಡಲು ಆಗುವುದಿಲ್ಲ. ಹುಡುಗಿ ಎಂಟು ಕಿಲೋಮೀಟರ್ ಓಡಿದಳು ಅಂದರೆ ಅಷ್ಟು ಶಕ್ತಿ ಆಗಲೇ ಕೈಬಿಟ್ಟು ಹೋಯಿತು. ಸಂಬಳ ಸಾಲದೆ ಹೋದರೆ ಮನೆಯವರು ಏನು ಮಾಡುತ್ತಾರೆ? ಬಾಡಿಗೆ ಕಟ್ಟಿ, ಸುಣ್ಣ ಬಣ್ಣ ಮುಂದಕ್ಕೆ ಹಾಕುತ್ತಾರೆ, ಸೋರುವ ಮಾಡಿನ ರಿಪೇರಿ ಆಮೇಲೆ ಅನ್ನುತ್ತಾರೆ. ದೇಹವೂ ಹಾಗೇ ಮಾಡುತ್ತದೆ. ಇವತ್ತು ಉಸಿರಾಡಲು ಬೇಡದ ಕೆಲಸಗಳನ್ನೆಲ್ಲ ನಿಲ್ಲಿಸುತ್ತದೆ. ಮೂಳೆಯ ರಿಪೇರಿ, ಮುಟ್ಟು, ಎತ್ತರ, ರೋಗದ ವಿರುದ್ಧ ಹೋರಾಡುವ ಶಕ್ತಿ, ಹೀಗೆ ಒಂದೊಂದೇ.

ಈ ಸ್ಥಿತಿಗೆ ವೈದ್ಯರು ರೆಡ್-ಎಸ್ ಎನ್ನುತ್ತಾರೆ. ಆಟದ ಖರ್ಚಿಗೆ ತಕ್ಕಷ್ಟು ಶಕ್ತಿ ದೇಹಕ್ಕೆ ಸಿಗದೆ ಆಗುವ ತೊಂದರೆ ಅಂತ ಅದರ ಅರ್ಥ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಹೆಸರು ಕೊಟ್ಟಿತು, 2023ರಲ್ಲಿ ಅದರ ವಿವರಗಳನ್ನು ಮತ್ತೆ ಪರಿಷ್ಕರಿಸಿತು. ಅದಕ್ಕೂ ಮೊದಲು ಇದನ್ನು ಹೆಣ್ಣುಮಕ್ಕಳ ತೊಂದರೆ ಎಂದಷ್ಟೇ ನೋಡುತ್ತಿದ್ದರು. ಹುಡುಗರಿಗೂ ಆಗುತ್ತದೆ ಎಂಬುದು ಈಗ ಸ್ಪಷ್ಟವಾಗಿದೆ.

ಲೆಕ್ಕ ಹಾಕಿ ನೋಡೋಣ

ಓಟದ ಖರ್ಚಿಗೆ ಒಂದು ಸುಲಭದ ಸೂತ್ರವಿದೆ. ಒಂದು ಕಿಲೋಮೀಟರ್ ಓಡಲು, ಪ್ರತಿ ಕೆಜಿ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಬೇಕು. 48 ಕೆಜಿಯ ಹುಡುಗಿ 8 ಕಿಲೋಮೀಟರ್ ಓಡಿದರೆ 384. ಲೆಕ್ಕಕ್ಕೆ 400 ಅಂದುಕೊಳ್ಳೋಣ. ಹೆಚ್ಚು ಕಮ್ಮಿ ಒಂದು ದೊಡ್ಡ ರಾಗಿ ಮುದ್ದೆ, ಜೊತೆಗೆ ಒಂದು ಬಟ್ಟಲು ಬೇಳೆ ಸಾರು.

ಓಟದ ಖರ್ಚು ಕಳೆದ ಮೇಲೆ ದೇಹಕ್ಕೆ ಎಷ್ಟು ಉಳಿಯಿತು ಎಂಬುದೇ ಮುಖ್ಯ. ಅದನ್ನು ಕೊಬ್ಬು ಬಿಟ್ಟು ಉಳಿದ ತೂಕಕ್ಕೆ ಹಂಚಿ ನೋಡುತ್ತಾರೆ. ನಮ್ಮ ಹುಡುಗಿಗೆ ಅದು 38 ಕೆಜಿ ಅಂದುಕೊಳ್ಳಿ. ಡಯಟ್ ಅಂತ ಅವಳು ದಿನಕ್ಕೆ 1500 ಕ್ಯಾಲೊರಿಯಷ್ಟೇ ತಿಂದರೆ, ಓಟದ 400 ಹೋಗಿ 1100 ಉಳಿಯಿತು. ಅದನ್ನು 38ಕ್ಕೆ ಹಂಚಿದರೆ ಕೆಜಿಗೆ 29. ಆರೋಗ್ಯವಾಗಿರಲು 45ರ ಆಸುಪಾಸು ಬೇಕು ಎನ್ನುತ್ತಾರೆ ತಜ್ಞರು. 30ಕ್ಕಿಂತ ಕೆಳಗೆ ಹೋದರೆ ಹಾರ್ಮೋನುಗಳು ಏರುಪೇರಾಗುವ ಸಾಧ್ಯತೆ ಜಾಸ್ತಿ. ಈ ಅಂಕಿಗಳು ಬಂದಿರುವುದು ಬೆಳವಣಿಗೆ ಮುಗಿದ ದೊಡ್ಡ ಹೆಣ್ಣುಮಕ್ಕಳನ್ನು ಪರೀಕ್ಷಿಸಿ. ಇನ್ನೂ ಬೆಳೆಯುತ್ತಿರುವ ಮಕ್ಕಳಿಗೆ ಅದಕ್ಕಿಂತ ಕಮ್ಮಿ ಸಾಕಾಗುವ ಮಾತೇ ಇಲ್ಲ.

1500 ಕ್ಯಾಲೊರಿಯ ಡಯಟ್ ಚಾರ್ಟುಗಳು ಮೊಬೈಲಿನಲ್ಲಿ ಎಲ್ಲಿ ನೋಡಿದರೂ ಸಿಗುತ್ತವೆ. ಅವು ಕುರ್ಚಿಯಲ್ಲಿ ಕೂತು ಕೆಲಸ ಮಾಡುವ, ಬೆಳವಣಿಗೆ ಮುಗಿದ ದೊಡ್ಡವರನ್ನು ನೋಡಿ ಮಾಡಿದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ ಸುಮಾರು 2400 ಕ್ಯಾಲೊರಿ ಬೇಕು. ಅದೇ ವಯಸ್ಸಿನ ಹುಡುಗನಿಗೆ 2860. ಅಂದರೆ ನಮ್ಮಲ್ಲಿ ಎಷ್ಟೋ ಓಟಗಾರ ಮಕ್ಕಳು, ಮನೆಯಲ್ಲಿ ಕೂತ ಅಮ್ಮನಿಗಿಂತ ಜಾಸ್ತಿ ತಿನ್ನಬೇಕಾದವರು. ಇದನ್ನು ಕೇಳಿದಾಗ ನಮ್ಮಕ್ಕ ನಂಬಲೇ ಇಲ್ಲ.

ದಿನಾ ಹೀಗೆ ಲೆಕ್ಕ ಹಾಕುತ್ತಾ ಕೂರಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಕೈಗಂತೂ ಕ್ಯಾಲೊರಿ ಎಣಿಸುವ ಆ್ಯಪ್ ಕೊಡಲೇಬೇಡಿ. ಎಣಿಕೆ ಬಹಳ ಬೇಗ ಗೀಳಾಗುತ್ತದೆ. ಹಳ್ಳ ಎಷ್ಟು ಆಳ ಇದೆ ಎಂದು ದೊಡ್ಡವರಿಗೆ ಗೊತ್ತಾಗಲಿ ಅಂತ ಒಮ್ಮೆ ತೋರಿಸಿದೆ, ಅಷ್ಟೇ.

ಮುಟ್ಟು ನಿಂತರೆ ಮೂಳೆ ಯಾಕೆ ಬಿರಿಯುತ್ತದೆ?

ಈಗ ಡಾಕ್ಟರ್ ಕೇಳಿದ ಪ್ರಶ್ನೆಗೆ ಬರೋಣ. ಶಕ್ತಿ ಸಾಲದಾದಾಗ ಮಿದುಳು ಅಂಡಾಶಯಕ್ಕೆ ಕಳಿಸುವ ಸೂಚನೆಯನ್ನು ತಗ್ಗಿಸುತ್ತದೆ. ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಮುಟ್ಟು ತಡವಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. "ಜಾಸ್ತಿ ಓಡ್ತಾಳಲ್ವಾ, ಅದಕ್ಕೇ ಆಗಿಲ್ಲ, ಪರವಾಗಿಲ್ಲ ಬಿಡಿ" ಅನ್ನುವವರು ಬೇಕಾದಷ್ಟು ಜನ. ಇದು ತಪ್ಪು ತಿಳುವಳಿಕೆ. ಓಟದಿಂದ ಮುಟ್ಟು ನಿಲ್ಲಬೇಕಾಗಿಲ್ಲ. ಓಟಕ್ಕೆ ತಕ್ಕ ಊಟ ಇಲ್ಲದೆ ಹೋದಾಗ ನಿಲ್ಲುತ್ತದೆ.

ಈಸ್ಟ್ರೋಜನ್ನಿಗೆ ಇನ್ನೊಂದು ಕೆಲಸವೂ ಇದೆ. ಅದು ಮೂಳೆಯ ಕಾವಲುಗಾರ. ನಮ್ಮ ಮೂಳೆ ಕಲ್ಲಿನ ಹಾಗೆ ಸುಮ್ನೆ ಬಿದ್ದಿರುವ ವಸ್ತುವಲ್ಲ. ದಿನಾ ಸ್ವಲ್ಪ ಕರಗುತ್ತದೆ, ಸ್ವಲ್ಪ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಓಡುವಾಗ ಮೂಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಆಗುತ್ತವೆ. ಊಟ, ವಿಶ್ರಾಂತಿ ಸರಿಯಾಗಿದ್ದರೆ ದೇಹ ನಿಧಾನವಾಗಿ ಅವನ್ನು ಮುಚ್ಚುತ್ತದೆ, ಮೂಳೆ ಮೊದಲಿಗಿಂತ ಗಟ್ಟಿಯಾಗುತ್ತದೆ. ಈಸ್ಟ್ರೋಜನ್ ಕಡಿಮೆಯಾದರೆ ಕರಗುವುದು ಜಾಸ್ತಿ, ಕಟ್ಟುವುದು ಕಮ್ಮಿ. ಸಣ್ಣ ಬಿರುಕು ಮುಚ್ಚದೆ ದೊಡ್ಡದಾಗುತ್ತದೆ. ಇದಕ್ಕೇ ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುವುದು. ಬೀಳದೆ, ಪೆಟ್ಟಾಗದೆ ಮೂಳೆ ಬಿರಿಯುವುದು. ನಮ್ಮ ಹುಡುಗಿಗೆ ಆಗಿದ್ದೂ ಇದೇ. ಹುಡುಗರಲ್ಲಿ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಕಡಿಮೆಯಾಗಿ ಮೂಳೆಗೆ ಇದೇ ಗತಿ ಬರಬಹುದು. ಅವರಿಗೆ ಮುಟ್ಟಿನಂಥ ಕಣ್ಣಿಗೆ ಕಾಣುವ ಗುರುತು ಇಲ್ಲದ್ದರಿಂದ ತಿಳಿಯುವುದು ಇನ್ನೂ ತಡ.

ಹರೆಯದಲ್ಲಿ ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂದರೆ, ಜೀವಮಾನಕ್ಕೆ ಬೇಕಾದ ಮೂಳೆಯ ಸಂಗ್ರಹದಲ್ಲಿ 100ಕ್ಕೆ ಸುಮಾರು 90 ಭಾಗ ಹುಡುಗಿಯರಿಗೆ 18, ಹುಡುಗರಿಗೆ 20 ವರ್ಷ ತುಂಬುವ ಹೊತ್ತಿಗೆ ಸೇರಿಬಿಟ್ಟಿರುತ್ತದೆ. ಆಗ ಕೂಡಿಡದಿದ್ದರೆ ಆಮೇಲೆ ಕೂಡಿಡುವುದು ಬಹಳ ಕಷ್ಟ.

ಅಮೆರಿಕದ ಮೇರಿ ಕೇನ್ ಅವರ ಕಥೆ ಓಟದ ಲೋಕದಲ್ಲಿ ಎಲ್ಲರಿಗೂ ಗೊತ್ತು. 2013ರಲ್ಲಿ, 17ನೇ ವಯಸ್ಸಿನಲ್ಲಿ, ಮಾಸ್ಕೋದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 1500 ಮೀಟರ್ ಫೈನಲ್ ಓಡಿದ ಹುಡುಗಿ. ಅದೇ ವರ್ಷ ಒಂದು ಹೆಸರಾಂತ ತಂಡ ಸೇರಿದರು. ಅಲ್ಲಿ ತೂಕ ಇಳಿಸು ಇಳಿಸು ಎಂದು ಒತ್ತಡ ಹಾಕಿದರು, ಮೂರು ವರ್ಷ ಮುಟ್ಟಾಗಲಿಲ್ಲ, ಐದು ಮೂಳೆ ಮುರಿದವು ಎಂದು 2019ರಲ್ಲಿ ಅವರೇ ಹೇಳಿಕೊಂಡರು. ಅವರ ಕೋಚ್ ಈ ಆರೋಪವನ್ನು ಒಪ್ಪಲಿಲ್ಲ. ಆದರೆ ಆ ಮಾತು ಹೊರಬಂದ ಮೇಲೆ ಎಷ್ಟೋ ಓಟಗಾರ್ತಿಯರು ತಮಗೂ ಹೀಗೇ ಆಗಿತ್ತು ಎಂದು ಬಾಯಿಬಿಟ್ಟರು.

ಹಾಗಾದರೆ ಮೊದಲು ವೇಗ ಹೆಚ್ಚಿದ್ದು ಯಾಕೆ?

ಇದು ನ್ಯಾಯವಾದ ಪ್ರಶ್ನೆ. ಮಕ್ಕಳು ಮೋಸಹೋಗುವುದೂ ಇಲ್ಲೇ. ತೂಕ ಇಳಿದ ಹೊಸದರಲ್ಲಿ ಹೊರುವ ಭಾರ ಕಮ್ಮಿ, ಆದರೆ ಹಳೆಯ ಸ್ನಾಯು, ಹಳೆಯ ರಕ್ತ ಇನ್ನೂ ಹಾಗೇ ಇರುತ್ತವೆ. ಅದಕ್ಕೆ ಟೈಮಿಂಗ್ ಸುಧಾರಿಸಬಹುದು. ಮನೆ ರಿಪೇರಿ ನಿಲ್ಲಿಸಿದ ಮೊದಲ ತಿಂಗಳು ಕೈಯಲ್ಲಿ ದುಡ್ಡು ಉಳಿದ ಹಾಗೆ ಕಾಣುತ್ತದಲ್ಲ, ಹಾಗೆ. ಮಳೆ ಬಂದಾಗ ಗೊತ್ತಾಗುತ್ತದೆ.

ಬೇಗ ಇಳಿಯುವ ತೂಕದಲ್ಲಿ ನೀರಿನ ಪಾಲೂ ದೊಡ್ಡದು. ಅನ್ನ, ಮುದ್ದೆ, ಚಪಾತಿಯಿಂದ ಬಂದ ಸಕ್ಕರೆಯನ್ನು ಸ್ನಾಯುಗಳು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತವೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿರುತ್ತದೆ. ಅನ್ನ ಬಿಟ್ಟ ವಾರದಲ್ಲೇ ಒಂದೆರಡು ಕೆಜಿ ಇಳಿಯುವುದು ಹೆಚ್ಚಾಗಿ ಇದರಿಂದ. ಕರಗಿದ್ದು ಕೊಬ್ಬು ಅಂದುಕೊಂಡರೆ, ಖಾಲಿಯಾಗಿದ್ದು ಓಟಕ್ಕೆ ಬೇಕಾದ ಟ್ಯಾಂಕು.

ಹರೆಯದಲ್ಲಿ ತೂಕ ಏರುವುದೇ ಸರಿ

12ರಿಂದ 16ರ ನಡುವೆ ಹುಡುಗಿಯರ ಸೊಂಟ ಅಗಲವಾಗುತ್ತದೆ, ಮೈ ತುಂಬಿಕೊಳ್ಳುತ್ತದೆ. ಅದೇ ಹೊತ್ತಿಗೆ ಟೈಮಿಂಗ್ ಒಂದೆರಡು ವರ್ಷ ನಿಂತಲ್ಲೇ ನಿಲ್ಲಬಹುದು, ಸ್ವಲ್ಪ ಹಿಂದೆಯೂ ಹೋಗಬಹುದು. ಇದನ್ನು ಕಂಡು ಗಾಬರಿಯಾಗಿ ಊಟಕ್ಕೆ ಕತ್ತರಿ ಹಾಕುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಆ ಮೈ ಬದಲಾವಣೆ ಮುಂದಿನ ಹತ್ತು ವರ್ಷದ ಓಟಕ್ಕೆ ಹಾಕುತ್ತಿರುವ ಪಾಯ. ಸ್ವಲ್ಪ ಕಾದರೆ ಶಕ್ತಿ ತಾನಾಗಿ ಕೂಡಿಬರುತ್ತದೆ.

ದೊಡ್ಡವರ ಬಿಎಂಐ ಪಟ್ಟಿಯನ್ನು ಮಕ್ಕಳಿಗೆ ಹಾಕಬಾರದು ಎಂಬುದೂ ಗೊತ್ತಿರಲಿ. ಬಿಎಂಐ ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಅಂಕಿ. 18 ತುಂಬುವವರೆಗೆ ಅದನ್ನು ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಸೇರಿಸಿ ಬೇರೆ ಪಟ್ಟಿಯಲ್ಲಿ ನೋಡಬೇಕು. ಆ ಕೆಲಸ ಮಕ್ಕಳ ಡಾಕ್ಟರಿಗೆ ಬಿಡಿ.

ತಟ್ಟೆಯಲ್ಲಿ ಏನಿರಲಿ?

ಒಳ್ಳೆಯ ಸುದ್ದಿ ಎಂದರೆ ನಮ್ಮ ಅಡುಗೆಮನೆಯಲ್ಲಿ ಬೇಕಾದ್ದೆಲ್ಲ ಇದೆ. ಡಬ್ಬಿಯಲ್ಲಿ ಬರುವ ದುಬಾರಿ ಪ್ರೋಟೀನ್ ಪುಡಿ ಬೇಡವೇ ಬೇಡ. ಅದರೊಳಗೆ ಏನು ಬೆರೆತಿದೆ ಎಂದು ಯಾರಿಗೂ ಖಾತ್ರಿ ಇರುವುದಿಲ್ಲ, ಮುಂದೆ ಡೋಪಿಂಗ್ ಪರೀಕ್ಷೆಯಲ್ಲಿ, ಅಂದರೆ ನಿಷೇಧಿತ ಮದ್ದು ಪತ್ತೆಮಾಡುವ ಪರೀಕ್ಷೆಯಲ್ಲಿ, ಸಿಕ್ಕಿಬೀಳುವ ಭಯವೂ ಇದೆ.

ಓಟಕ್ಕೆ ಸೌದೆ ಅನ್ನ, ಮುದ್ದೆ, ರೊಟ್ಟಿ, ಇಡ್ಲಿ, ದೋಸೆ, ಅವಲಕ್ಕಿ, ಗೆಣಸು, ಬಾಳೆಹಣ್ಣು. ಜೋರಾಗಿ ಓಡುವ ದಿನ ತಟ್ಟೆಯ ಅರ್ಧ ಭಾಗ ಇವೇ ಇರಲಿ. ವಿಶ್ರಾಂತಿಯ ದಿನ ಸ್ವಲ್ಪ ಕಮ್ಮಿ ಆದರೂ ನಡೆಯುತ್ತದೆ, ಆದರೆ ಬಿಡಬಾರದು. ಸ್ನಾಯು ರಿಪೇರಿಗೆ ಪ್ರೋಟೀನ್. ಓಡದ ಹುಡುಗಿಗೆ ದಿನಕ್ಕೆ 43 ಗ್ರಾಂ ಸಾಕು, ಓಡುವವಳಿಗೆ 60-70 ಗ್ರಾಂ ಬೇಕಾಗುತ್ತದೆ. ಕೇಳಲು ದೊಡ್ಡದು ಅನ್ನಿಸಿದರೂ ಸೇರಿಸುತ್ತಾ ಹೋದರೆ ಆಗುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚು ಕಮ್ಮಿ ಅಷ್ಟೇ, ಒಂದು ಹಿಡಿ ಕಡ್ಲೆಕಾಯಿ ಬೀಜದಲ್ಲಿ 7. ಜೊತೆಗೆ ಗಟ್ಟಿ ಬೇಳೆ, ಹುರುಳಿ, ಅಲಸಂದೆ, ಮೊಳಕೆ ಹೆಸರುಕಾಳು, ಮೊಸರು. ಅನ್ನ ಮತ್ತು ಚಪಾತಿಯಿಂದಲೂ ಸ್ವಲ್ಪ ಬರುತ್ತದೆ. ತಿನ್ನುವ ಮನೆಯಾದರೆ ಮೀನು, ಕೋಳಿ. ಸಮಸ್ಯೆ ಇರುವುದು ತಿಳಿ ಸಾರಿನಲ್ಲಿ. ಬೇಳೆಯ ಬಣ್ಣವಷ್ಟೇ ಇರುವ ಸಾರು ಸುರಿದುಕೊಂಡು ಅನ್ನ ಉಂಡರೆ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಬರುವುದಿಲ್ಲ. ಮಕ್ಕಳಿಗೆ ಸೌಟು ತಳಕ್ಕೆ ಹಾಕಿ ಬಡಿಸಿ.

ಮೂಳೆಗೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಈ ವಯಸ್ಸಿಗೆ ದಿನಕ್ಕೆ 1000 ಮಿಲಿಗ್ರಾಂನಷ್ಟು ಬೇಕು. ಇಲ್ಲಿ ನಮ್ಮ ರಾಗಿಯನ್ನು ಮೀರಿಸುವ ಧಾನ್ಯ ಇಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಮೈಗೆ ಹತ್ತುವುದು ಇನ್ನೂ ಚೆನ್ನ. ಅದಕ್ಕೆ ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು, ನುಗ್ಗೆ ಸೊಪ್ಪಿನ ಪಲ್ಯ, ಎಳ್ಳಿನ ಚಟ್ನಿಪುಡಿ ಸೇರಿದರೆ ಲೆಕ್ಕ ಸರಿಹೋಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ಕೊಡುವ ಹಾಲು, ರಾಗಿ ಮಾಲ್ಟ್, ಮೊಟ್ಟೆಯನ್ನು ಓಡುವ ಮಕ್ಕಳು ಯಾವ ಕಾರಣಕ್ಕೂ ಬಿಡಬಾರದು.

ತುಪ್ಪ, ಎಣ್ಣೆ, ಕೊಬ್ಬರಿಗೂ ಹೆದರಬೇಡಿ. ಹಾರ್ಮೋನು ತಯಾರಾಗಲು ಕೊಬ್ಬು ಬೇಕು.

ಕಬ್ಬಿಣ ಮತ್ತು ಕಾಫಿ ಲೋಟ

ಉಸಿರಾಡಿದ ಆಮ್ಲಜನಕವನ್ನು ಕಾಲಿನ ಸ್ನಾಯುವಿಗೆ ಹೊತ್ತೊಯ್ಯುವುದು ರಕ್ತದಲ್ಲಿರುವ ಹಿಮೋಗ್ಲೋಬಿನ್. ಅದನ್ನು ಮಾಡಲು ಕಬ್ಬಿಣ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಜನರಿಗೆ ರಕ್ತಹೀನತೆ ಇದೆ. "ಇತ್ತೀಚೆಗೆ ಬೇಗ ಸುಸ್ತಾಗ್ತಾಳೆ, ತೂಕ ಜಾಸ್ತಿಯಾಗಿದೆ ಅನ್ಸುತ್ತೆ" ಎಂದು ಊಟ ಕಮ್ಮಿ ಮಾಡಿಸುತ್ತಾರೆ. ಎಷ್ಟೋ ಸಲ ಕೊರತೆ ಇರುವುದು ರಕ್ತದಲ್ಲಿ. ಊಟ ಕಮ್ಮಿಯಾದರೆ ಅದು ಇನ್ನೂ ಇಳಿಯುತ್ತದೆ.

ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಅದಕ್ಕೆ ವಿಟಮಿನ್ ಸಿ ಇರುವ ಹಣ್ಣು, ಕಾಯಿ ಜೊತೆಗಿರಬೇಕು. ಹುರುಳಿ ಸಾರಿಗೆ ನಿಂಬೆ ಹಿಂಡಿ, ಊಟದ ಜೊತೆ ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಕೊಡಿ. ಊಟ ಮುಗಿಯುತ್ತಲೇ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಇನ್ನೂ ಕಮ್ಮಿಯಾಗುತ್ತದೆ. ಒಂದು ಗಂಟೆಯಾದರೂ ತಡೆಯಿರಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಮಾತ್ರೆಯನ್ನು ಮಕ್ಕಳು ಹೊಟ್ಟೆ ತೊಳಸುತ್ತದೆ ಎಂದು ಬಿಸಾಡುತ್ತಾರೆ. ಊಟದ ಮೇಲೆ ನುಂಗಿದರೆ ಆ ತೊಂದರೆ ಕಮ್ಮಿ. ಇದಕ್ಕಿಂತ ಜಾಸ್ತಿ ಕಬ್ಬಿಣ ಬೇಕೋ ಬೇಡವೋ ಎಂದು ರಕ್ತ ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಬೇಕು.

ಯಾವಾಗ ತಿನ್ನಬೇಕು?

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಓಡಿದರೆ ಕೊಬ್ಬು ಕರಗುತ್ತದೆ ಎಂಬ ಮಾತು ಮಕ್ಕಳ ಕಿವಿಗೂ ಬಿದ್ದಿದೆ. ಬೆಳೆಯುವ ಮಕ್ಕಳಿಗೆ ಅದು ಬೇಡ. ಹೊರಡುವ ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು, ಇಲ್ಲವೇ ನಾಲ್ಕು ಖರ್ಜೂರ ಸಾಕು. ಓಡಿ ಬಂದ ಒಂದು ಗಂಟೆಯೊಳಗೆ ಸರಿಯಾಗಿ ತಿಂಡಿ ಆಗಬೇಕು. ಮೈದಾನದಿಂದ ಸೀದಾ ಶಾಲೆ ಬಸ್ಸು ಹತ್ತುವ ಮಕ್ಕಳದ್ದೇ ಕಷ್ಟ. ಅವರ ಬ್ಯಾಗಿನಲ್ಲಿ ಬೇಯಿಸಿದ ಮೊಟ್ಟೆ, ಕಡ್ಲೆಬೀಜದ ಚಿಕ್ಕಿ, ಚಪಾತಿ ಸುರುಳಿ, ಏನಾದರೂ ಇರಲೇಬೇಕು. ಬಾಯಾರಿಕೆಗೆ ನೀರು, ಬಿಸಿಲಿನಲ್ಲಿ ಓಡಿದರೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಪಾನಕ. ಸ್ಪರ್ಧೆಯ ದಿನ ಹೊಸ ತಿಂಡಿ ಪ್ರಯೋಗ ಬೇಡ.

ನಿಜಕ್ಕೂ ತೂಕ ಜಾಸ್ತಿ ಇದ್ದರೆ?

ಅಂಥ ಮಕ್ಕಳೂ ಇದ್ದಾರೆ. ಡಾಕ್ಟರ್ ಪರೀಕ್ಷಿಸಿ ಹೌದು ಎಂದರೂ ಊಟ ಬಿಡಿಸುವುದು ದಾರಿಯಲ್ಲ. ಬಾಟಲಿಯ ಸಿಹಿ ಪಾನೀಯ, ಬೇಕರಿ ಪಫ್, ಪ್ಯಾಕೆಟ್ ಚಿಪ್ಸ್ ಮನೆಗೆ ತರುವುದನ್ನು ಮನೆಯವರೆಲ್ಲ ಸೇರಿ ನಿಲ್ಲಿಸಬೇಕು. ಮಗುವಿಗೊಂದು ಅಡುಗೆ, ಉಳಿದವರಿಗೊಂದು ಅಡುಗೆ ಮಾಡಬಾರದು. ನಿದ್ದೆ ಎಂಟರಿಂದ ಹತ್ತು ಗಂಟೆ ಆಗಬೇಕು. ಹೀಗೆ ಮಾಡಿದರೆ ತೂಕ ಹೆಚ್ಚು ಕಮ್ಮಿ ಅಲ್ಲೇ ನಿಂತು, ಎತ್ತರ ಏರುತ್ತಾ ಹೋಗಿ ಮೈ ತಾನಾಗಿ ಹದಕ್ಕೆ ಬರುವುದೇ ಹೆಚ್ಚು. ಎಲ್ಲರೆದುರು ತೂಕ ಹಾಕುವುದು, "ದಪ್ಪಗಾಗಿದ್ದೀಯ" ಎಂದು ತಮಾಷೆ ಮಾಡುವುದು ದಯವಿಟ್ಟು ಬೇಡ. ಆ ಒಂದು ಮಾತಿನಿಂದ ಊಟವನ್ನೇ ದ್ವೇಷಿಸಲು ಶುರುಮಾಡಿದ ಮಕ್ಕಳಿದ್ದಾರೆ.

ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು?

ಮೂರು ತಿಂಗಳು ಮುಟ್ಟಾಗದಿದ್ದರೆ, ಅಥವಾ 15 ತುಂಬಿದರೂ ಮೊದಲ ಮುಟ್ಟು ಆಗದಿದ್ದರೆ ಕಾಯಬೇಡಿ. ಮೂಳೆಯ ಮೇಲೆ ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವ ಹಾಗೆ ನೋವಿದ್ದರೆ ಅವತ್ತೇ ಓಟ ನಿಲ್ಲಿಸಿ. ಪದೇ ಪದೇ ಶೀತ ಜ್ವರ, ಮಲಗಿ ಎದ್ದರೂ ಹೋಗದ ಸುಸ್ತು, ವರ್ಷವಿಡೀ ಎತ್ತರ ಏರದಿರುವುದು, ಮಾತುಮಾತಿಗೆ ಸಿಡುಕು, ಎಲ್ಲರ ಜೊತೆ ಕೂತು ಉಣ್ಣದೆ "ಆಗಲೇ ತಿಂದೆ" ಎನ್ನುವುದು, ಇವೂ ಗುರುತುಗಳೇ.

ನಮ್ಮ ಹುಡುಗಿ ಮೂರು ತಿಂಗಳು ಓಡಲಿಲ್ಲ. ಆ ವರ್ಷದ ಕ್ರೀಡಾಕೂಟ ತಪ್ಪಿತು, ತುಂಬಾ ಅತ್ತಳು. ಊಟ ಸರಿಹೋದ ನಾಲ್ಕನೇ ತಿಂಗಳಿಗೆ ಮುಟ್ಟು ಮತ್ತೆ ಶುರುವಾಯಿತು. ಅದನ್ನು ಅಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಸಣ್ಣ ಚುಕ್ಕಿ ಇಟ್ಟು ಗುರುತು ಮಾಡುತ್ತಾಳೆ. ಮೊದಲ ದಿನ ಮೈದಾನಕ್ಕೆ ಹೋದಾಗ ಡಾಕ್ಟರ್ ಹೇಳಿದ ಹಾಗೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹಾಗೆ ಇಪ್ಪತ್ತು ನಿಮಿಷ. ಮುಗಿಸಿ ಬಂದವಳೇ ಗೇಟಿನ ಹತ್ತಿರ ಕೂತು, ಅಕ್ಕ ತಂದಿದ್ದ ಡಬ್ಬಿ ತೆಗೆದು ಮೂರು ಚಪಾತಿಯನ್ನೂ ತಿಂದಳು.